ಬಿಳಿ ದಾರದ ಹೊಲಿಗೆ

ಬಲಗಾಲಿನ ಶೂವನ್ನು ಅವಳು ಕಿಟಕಿಯ ಬೆಳಕಿಗೆ ಹಿಡಿದಳು. ರಿಬ್ಬನ್ನಿನ ಹೊಲಿಗೆ ತನ್ನದಲ್ಲ. ನಿನ್ನೆ ತಾನು ಹೊಲಿದದ್ದು ಗುಲಾಬಿ ದಾರದಲ್ಲಿ, ಇದು ಬಿಳಿ. ಬ್ಯಾಲೆಯವರು ತಂತಮ್ಮ ಶೂಗೆ ತಾವೇ ರಿಬ್ಬನ್ ಹೊಲಿದುಕೊಳ್ಳುತ್ತಾರೆ, ಇನ್ನೊಬ್ಬರದನ್ನು ಮುಟ್ಟುವುದಿಲ್ಲ.

"ಅಮ್ಮಾ, ನನ್ನ ಶೂ ಯಾರು ತೆಗೆದಿದ್ರು?" ಎಂದು ಉಡುಪು ಇಸ್ತ್ರಿ ಮಾಡುತ್ತಿದ್ದ ಹೆಂಗಸನ್ನು ಕೇಳಿದಳು.

"ದೊಡ್ಡಕ್ಕ ಇಲ್ಲೇ ಕೂತು ಏನೋ ಹೊಲೀತಿದ್ರಪ್ಪ. ನಾನು ನೋಡೋಕೆ ಹೋಗ್ಲಿಲ್ಲ."

ಅನುಮಾನಕ್ಕೆ ಇಷ್ಟು ಸಾಕಾಯಿತು. ಹನ್ನೆರಡು ವರ್ಷ ರಂಗದ ನಡುವೆ ಕುಣಿದ, ತಂಡದವರೆಲ್ಲ ದೊಡ್ಡಕ್ಕ ಎನ್ನುವ ಹಿರಿಯಳನ್ನು ಹಿಂದಿನ ಸಾಲಿಗೆ ಕಳಿಸಿದವಳು ಇವಳೇ. ಇವತ್ತಿನ ಪ್ರದರ್ಶನದ ನೃತ್ಯ ಇವಳದೇ, ಈ ತಂಡದಲ್ಲಿ ಹೆಣ್ಣೊಬ್ಬಳು ತಾನೇ ನೃತ್ಯ ಕಟ್ಟಿದ್ದು ಇದೇ ಮೊದಲು. "ಇವತ್ತು ಎಡವಿದ್ರೆ ಇದೇ ಕೊನೆ," ಎಂದು ಮ್ಯಾನೇಜರು ನಗುನಗುತ್ತಲೇ ಹೇಳಿದ್ದರು. ಹಿಂದಿನ ಸಾಲು ಎಂದಾಗ ದೊಡ್ಡಕ್ಕ "ಆಗ್ಲಿ" ಎಂದಷ್ಟೇ ಅಂದಿದ್ದಳು. ಅಷ್ಟು ಸುಲಭವಾಗಿ ಆಗ್ಲಿ ಎನ್ನುವವರನ್ನು ನಂಬುವುದು ಹೇಗೆ?

ಅಷ್ಟರಲ್ಲಿ ದೊಡ್ಡಕ್ಕನೇ ಬಾಗಿಲಲ್ಲಿ ಇಣುಕಿದಳು.

"ಶೂ ಸರಿಯಾಗಿದೆಯೇನೇ?"

"ಹೂಂ."

ಯಾರೂ ಕೇಳುವ ಮೊದಲೇ ಹೆಗಲು ಮುಟ್ಟಿ ನೋಡಿಕೊಳ್ಳುತ್ತಾಳಲ್ಲ ಕುಂಬಳಕಾಯಿ ಕಳ್ಳಿ, ಎಂದುಕೊಂಡಳು. ಅವಳು ಅತ್ತ ಹೋದದ್ದೇ ತಡ, ಕತ್ತರಿ ತಂದು ಬಿಳಿ ಹೊಲಿಗೆಯನ್ನೆಲ್ಲ ಕಿತ್ತಳು. ಸಿಟ್ಟಿನಲ್ಲಿ ಗುಲಾಬಿ ದಾರವನ್ನು ನಾಲ್ಕೆಳೆ ಮಾಡಿ, ಅಂಚಿಗೆ ಒತ್ತೊತ್ತಾಗಿ ಹೊಲಿದಳು.

ಪರದೆ ಏಳಲು ಐದು ನಿಮಿಷವಿತ್ತು. ಶೂವಿನ ಅಂಚಿನೊಳಗೆ ಒಂದು ಸಣ್ಣ ಲಾಡಿ ಓಡುತ್ತದೆ. ಅದನ್ನು ಎಳೆದರೆ ಹಿಮ್ಮಡಿ ಬಿಗಿಯಾಗುತ್ತದೆ. ರಂಗದ ಪಕ್ಕದಲ್ಲಿ ಬಗ್ಗಿ ಎಳೆದಳು. ಬರಲಿಲ್ಲ. ಮತ್ತೆ ಎಳೆದಳು. ಸೂಜಿ ಲಾಡಿಯನ್ನೂ ಸೇರಿಸಿ ಹೊಲಿದುಬಿಟ್ಟಿತ್ತು. ಹಿಮ್ಮಡಿ ಸಡಿಲ, ಮೊದಲ ಜಿಗಿತಕ್ಕೇ ಶೂ ಕಳಚುವುದು ಖಂಡಿತ. ನಿನ್ನೆಯೂ ತಾನು ಹೀಗೆಯೇ ಹೊಲಿದಿರಬೇಕು ಎಂದು ಹೊಳೆದಾಗ ನಾಚಿಕೆಯಿಂದ ಅವಳ ಕಿವಿ ಬಿಸಿಯಾಯಿತು.

"ನಾನು ಬಿಚ್ಚಿ ಹೊಲಿದಿದ್ದನ್ನ ಕಿತ್ತುಹಾಕಿದ್ಯಾ?"

ದೊಡ್ಡಕ್ಕ ಹಿಂದೆಯೇ ನಿಂತಿದ್ದಳು.

"ಮೊದಲೇ ಹೇಳೋಣ ಅಂದ್ರೆ, ಇವತ್ತಿನ ದಿನ ನೀನು ಗಾಬರಿ ಬೀಳ್ತೀಯ ಅನ್ನಿಸ್ತು. ಕಾಲು ಕೊಡು. ಹಿಮ್ಮಡೀನ ಕಾಲುಚೀಲಕ್ಕೇ ಹೊಲೀತೀನಿ." ಸೊಂಟದ ಪಟ್ಟಿಗೆ ಸಿಕ್ಕಿಸಿಕೊಂಡಿದ್ದ ಸೂಜಿಯನ್ನು ತೆಗೆದು ಅವಳು ಮಂಡಿಯೂರಿದಳು. "ಅಲ್ಲಾಡ್ಬೇಡ, ಚುಚ್ಚೀತು."

ಒಂಟಿಕಾಲಲ್ಲಿ ನಿಂತವಳು ಆಸರೆಗೆ ದೊಡ್ಡಕ್ಕನ ಹೆಗಲ ಮೇಲೆ ಕೈಯಿಟ್ಟಳು. ಹೆಗಲು ಬೆವರಿತ್ತು. ಒಳಗೆ ಪಿಟೀಲು ಶುರುವಾಯಿತು. ದೊಡ್ಡಕ್ಕ ಗಂಟು ಹಾಕಿ, ಬಿಳಿ ದಾರವನ್ನು ಹಲ್ಲಿನಿಂದ ಕಡಿದು, ಓಡಿಹೋಗಿ ಹಿಂದಿನ ಸಾಲಿನ ತುದಿಯಲ್ಲಿ ನಿಂತಳು.