ಕಿಸೆ ಖಾಲಿ, ಕಡಲು ನಮ್ಮದು

ಮದುವೆಯಾದಾಗಿನಿಂದ ಆರತಿ ಗಂಡನಲ್ಲಿ ಬೇಡಿದ್ದು ಒಂದೇ: ಸಮುದ್ರದ ನೀರಿನಲ್ಲಿ ಕಾಲಿಟ್ಟು ಒಂದು ಸಂಜೆ ಸುಮ್ಮನೆ ಕೂಡಬೇಕು. ಬಂಗಾರ ಬೇಡಿದ್ದರೆ ಚಲೋ ಇತ್ತು. 'ಇಲ್ಲ' ಎಂಬ ಒಂದೇ ಮಾತಿನಲ್ಲಿ ಮುಗಿಯುತ್ತಿತ್ತು. ಸಮುದ್ರ ಬೇಡಿದ್ದಕ್ಕೆ ಉಪನ್ಯಾಸ ಕೇಳಬೇಕಾಯಿತು.

ಗಂಡ ಗುರುಬಸವ ಧಾರವಾಡದ ಒಂದು ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕ. ಕಾಲೇಜಿನಲ್ಲಷ್ಟೇ ಅಲ್ಲ, ಎಲ್ಲಿ ಹೋದರೂ ಅತಿಥಿಯೇ. ಅವರಿದ್ದ ಸಪ್ತಾಪುರ ಬಡಾವಣೆಯ ಯಾವ ಮನೆಯಲ್ಲಿ ಕುಕ್ಕರ್ ಸೀಟಿ ಹೊಡೆದರೂ ಅದು ತನ್ನನ್ನೇ ಕರೆದದ್ದೆಂದು ತಿಳಿಯುವ ಪ್ರಾಣಿ. ಉಚಿತವಾಗಿ ಸಿಕ್ಕಿದ್ದೇ ಉಚಿತ, ಉಳಿದದ್ದೆಲ್ಲ ಅನುಚಿತ ಎಂಬುದು ಅವನ ಸಿದ್ಧಾಂತ. 'ಕಿಸೆ ಖಾಲಿ, ಕಡಲು ನಮ್ಮದು' ಎಂದು ಹೆಸರಿಟ್ಟು, ದುಡ್ಡಿಲ್ಲದೆ ಕರಾವಳಿ ಸುತ್ತುವುದು ಹೇಗೆಂದು ಮೊಬೈಲಿನಲ್ಲಿ ವಿಡಿಯೋ ಮಾಡಿ ಹಾಕುತ್ತಿದ್ದ. ಅಲ್ಲಿಯವರೆಗಿನ ವಿಡಿಯೋಗಳೆಲ್ಲ ಊರಂಚಿನ ಕೆಲಗೇರಿ ಕೆರೆಯ ದಂಡೆಯಲ್ಲಿ ತೆಗೆದವು.

"ಸರ, ಒಮ್ಮೆ ಖರೇ ಸಮುದ್ರಾ ತೋರಸ್ರಿ," ಎಂದು ಚಹಾದಂಗಡಿಯಲ್ಲಿ ಗೆಳೆಯ ರಿಯಾಜ ಕೆಣಕಿದ. "ನಮ್ಮ ವೈನಿಯವರ ಪುಣ್ಯಾನರ ಬರ್ತದ."

ಹೀಗೆ ರಿಯಾಜನ ಕುಚೋದ್ಯದಿಂದ ಆರತಿಯ ಸಮುದ್ರಯಾತ್ರೆ ಗಟ್ಟಿಯಾಯಿತು.

ಹುಬ್ಬಳ್ಳಿಯಲ್ಲಿ ಅಂಕೋಲೆಯ ಬಸ್ಸು ಹತ್ತಿದರು. ಆರತಿ ಆಧಾರ್ ಕಾರ್ಡು ತೋರಿಸಿದಳು, ಕಂಡಕ್ಟರ್ ಹೆಂಗಸರಿಗೆ ಕೊಡುವ ಶೂನ್ಯ ಟಿಕೇಟು ಹರಿದು ಕೊಟ್ಟ. ಗುರುಬಸವನಿಗೆ ಎಲ್ಲರ ದನಿ ತೆಗೆಯುವ ಚಟ. ನಕ್ಕವನು ಟಿಕೇಟು ಬಿಟ್ಟಾನು ಎಂಬ ಆಸೆಯಿಂದ ಕಂಡಕ್ಟರನ ಮೂಗುದನಿಯಲ್ಲೇ ಶುರು ಹಚ್ಚಿದ: "ಮುಂದ ಸರೀರಿ, ಮುಂದ ಸರೀರಿ, ಹಿಂದ ನಿಮ್ಮಪ್ಪ ಜಾಗಾ ಹಿಡದಾನೇನ್ರಿ!"

ಬಸ್ಸು ನಕ್ಕಿತು. ಕಂಡಕ್ಟರನೂ ನಕ್ಕ. "ದನಿ ನಂದ ತಗೊಂಡ್ರಿ, ಟಿಕೇಟೂ ನನ್ನ ಕಡೇನ ತಗೋರಿ. ಅಕ್ಕಾರದು ಶೂನ್ಯ, ನಿಮ್ದು ಪೂರ್ಣ."

ಗುರುಬಸವ ಹೆಂಡತಿಯ ಮುಖ ನೋಡಿದ. ತತ್ವಕ್ಕೆ ಬದ್ಧನಾದ ಅವನು ಕಿಸೆಯನ್ನು ನಿಜವಾಗಿಯೂ ಖಾಲಿ ಇಟ್ಟುಕೊಂಡೇ ಬಂದಿದ್ದ. ಆರತಿ ಸೊಂಟಕ್ಕೆ ಸಿಕ್ಕಿಸಿದ್ದ ಸಣ್ಣ ಚೀಲ ಬಿಚ್ಚಿದಳು.

"ಇದು ಖರ್ಚಲ್ಲ ಮತ್ತ," ಎಂದ ಗಂಭೀರವಾಗಿ. "ನಿನ್ನ ಚೀಲದಾಗಿಂದು. ನನ್ನ ಕಿಸೆ ಇನ್ನೂ ಖಾಲಿನ ಐತಿ."

ಅಂಕೋಲೆಯಲ್ಲಿ ಬಸ್ಸು ಬದಲಿಸಿ ಆಚೆಗಿನ ಹಳ್ಳಿಯೊಂದರಲ್ಲಿ ಇಳಿದಾಗ ಗಾಳಿಗೆ ಉಪ್ಪಿನ ವಾಸನೆ ಇತ್ತು. ಮನೆಗಳ ಹಿಂದೆ ಎಲ್ಲೋ ಏನೋ ಒಂದೇ ಸಮನೆ ಮೊರೆಯುತ್ತಿತ್ತು. ಆರತಿಯ ಅಂಗಾಲು ಆಗಲೇ ಜುಮ್ಮೆಂದಿತು.

"ಲಗೂ ನಡೀರಿ, ದಂಡಿಗೆ ಕುಂತು ರೊಟ್ಟಿ ಉಣ್ಣೋಣು. ಶೇಂಗಾ ಹಿಂಡಿ ತಂದೇನಿ."

"ರೊಟ್ಟಿ ರಾತ್ರಿಗಿ. ಮಧ್ಯಾಹ್ನದ್ದು ಊರವರ ಮ್ಯಾಲೆ. ಸಮುದ್ರ ಎಲ್ಲಿಗೂ ಓಡಿ ಹೋಗಂಗಿಲ್ಲ ತಗೋ."

ಮೊದಲು ಪುಗಸಟ್ಟೆ ನೀರು ಹುಡುಕಿದ, ಆಮೇಲೆ ಚೀಲ ಇಡಲು ಪುಗಸಟ್ಟೆ ಜಾಗ. ಆರತಿ ಬುತ್ತಿ ಹೆಗಲಿಗೆ ಹಾಕಿಕೊಂಡು, ಸಮುದ್ರಕ್ಕೆ ಬೆನ್ನು ಮಾಡಿ ಗಂಡನ ಹಿಂದೆ ಸುತ್ತಿದಳು. ಕೊನೆಗೆ ಅವನು ನಿಂತುಬಿಟ್ಟ. ಒಂದು ಹೆಂಚಿನ ಮನೆಯ ಮುಂದೆ ಚಪ್ಪರ, ಅಂಗಳದ ತುಂಬ ಮಂದಿ, ಸಾಲಾಗಿ ಬಾಳೆ ಎಲೆ, ಪಾಯಸದ ಘಮ.

"ಲಗ್ನ!" ಎಂದ ಗುರುಬಸವ. ಇಷ್ಟು ಭಕ್ತಿಯಿಂದ ಅವನು ತನ್ನ ಲಗ್ನದಲ್ಲೂ ಆ ಶಬ್ದ ಆಡಿರಲಿಲ್ಲ. "ಹೆಣ್ಣಿನವರು ನಮ್ಮನ್ನ ಗಂಡಿನವರು ಅಂತಾರ, ಗಂಡಿನವರು ಹೆಣ್ಣಿನವರು ಅಂತಾರ. ನೀ ಬಾಯಿ ತಗೀಬ್ಯಾಡ."

ಬಾಗಿಲಲ್ಲಿ ಹೆಗಲಿಗೆ ಪಂಚೆ ಹೊದ್ದ ಒಬ್ಬರು ಯಾರು ಏನು ಎಂದು ಕೇಳದೆ ಕೈಮುಗಿದರು. "ಬನ್ನಿ, ಎಲೆಗೆ ಕೂತ್ಕೊಳ್ಳಿ."

"ಎಂತ ಮಾರಾಯ್ರೆ, ಭಾರೀ ಗಮ್ಮತ್ತು ಉಂಟಲ್ವಾ!" ಎಂದ ಗುರುಬಸವ, ತಾನು ಕಲಿತಿದ್ದ ಮಂಗಳೂರು ದನಿಯಲ್ಲಿ. ಆ ಸೀಮೆಯಲ್ಲಿ ಯಾರೂ ಹಾಗೆ ಮಾತಾಡುವುದಿಲ್ಲವೆಂದು ಪಂಚೆಯವರ ಮುಖ ನೋಡಿಯೇ ಆರತಿಗೆ ತಿಳಿಯಿತು.

ಪಂಕ್ತಿಯಲ್ಲಿ ಕೂತ ಮೇಲೆ ಅವಳು ಕಣ್ಣಾಡಿಸಿದಳು. ವಾಲಗವಿಲ್ಲ. ಮದುಮಕ್ಕಳ ಮಂಟಪವಿಲ್ಲ. ಜಗಲಿಯ ಮೇಲೆ ಮುದುಕರೊಬ್ಬರ ಫೋಟೋ, ಅದಕ್ಕೆ ಹಾರ, ಮುಂದೊಂದು ದೀಪ. ಅವಳು ಗಂಡನ ತೋಳು ಜಗ್ಗಿದಳು.

"ರೀ, ಇದು ಲಗ್ನದ ಮನಿ ಅಲ್ಲರಿ. ಅಲ್ಲಿ ಫೋಟೋ ನೋಡ್ರಿ."

"ಹಿರ್ಯಾರ ಆಶೀರ್ವಾದಕ್ಕ ಇಟ್ಟಾರ. ಸುಮ್ನ ಉಣ್ಣು."

"ಅಲ್ಲರಿ..."

"ವಡಿ ಇನ್ನೊಂದು ಹಾಕ್ರಿ ಇತ್ತ!" ಎಂದು ಅವನು ಬಡಿಸುವವರನ್ನು ಕೂಗಿದ.

ಗುರುಬಸವನ ಕಡೆ ಸತ್ತವರನ್ನು ಮಣ್ಣಿಗಿಟ್ಟ ಮೇಲೆ ದಿನ ಎಣಿಸಿ ವಡೆ ಪಾಯಸದ ಪಂಕ್ತಿ ಹಾಕುವ ವಾಡಿಕೆ ಇರಲಿಲ್ಲ. ಸಿಹಿ ಬಡಿಸಿದರೆ ಅದು ಲಗ್ನವೇ. ಅಂದಮೇಲೆ ಲಗ್ನದಲ್ಲಿ ಉಂಡವನು ನಾಲ್ಕು ಮಂದಿಯನ್ನು ನಗಿಸದೆ ಏಳುವುದು ಧಾರವಾಡದ ಮರ್ಯಾದೆಯಲ್ಲ. ಅವನು ಪಾಯಸ ಸುರಿದು, ಮೊಬೈಲು ಎತ್ತಿ ಹಿಡಿದು, ಎದ್ದು ನಿಂತು, ನಮ್ಮ ಕಡೆಯ ಮದುವೆಗಳಲ್ಲಿ ಮಾವಂದಿರು ಕೂಗುವಂತೆ ಕೂಗಿಯೇಬಿಟ್ಟ:

"ಏ, ಎಲ್ಲಿದ್ದಾಳ್ರೀ ಮದುಮಗಳು? ಒಡಪು ಹಾಕಿ ಗಂಡನ ಹೆಸರು ಹೇಳಲಿ! ಹೇಳೂತನಾ ನಾವು ಕೈ ತೊಳಿಯಂಗಿಲ್ಲ!"

ಪಂಕ್ತಿ ಅಗಿಯುವುದನ್ನು ನಿಲ್ಲಿಸಿತು. ಸಾರಿನ ಸೌಟು ಗಾಳಿಯಲ್ಲೇ ನಿಂತಿತು. ಮನೆಗಳ ಹಿಂದಿನ ಸಮುದ್ರ ಮಾತ್ರ ಮೊರೆಯುತ್ತಿತ್ತು. ಒಳಗಿನಿಂದ ಬಿಳಿ ಕೂದಲಿನ, ಬರಿಹಣೆಯ ಒಬ್ಬ ಅಜ್ಜಿ ನಿಧಾನವಾಗಿ ಜಗಲಿಗೆ ಬಂದರು.

"ನನ್ನ ಗಂಡನ ಹೆಸರಾ?" ಎಂದರು. "ಫೋಟೋದ ಕೆಳಗೆ ಬರೆದಿದೆ. ಓದ್ಲಿಕ್ಕೆ ಬರ್ತದಲ್ಲ? ಇವತ್ತಿಗೆ ಹದಿಮೂರು ದಿನ."

ಗುರುಬಸವ ಎತ್ತಿದ ಕೈ ಇಳಿಸಲಿಲ್ಲ. ಮೊಬೈಲು ತನ್ನಷ್ಟಕ್ಕೆ ಅವನ ಅವಮಾನವನ್ನು ಚಿತ್ರೀಕರಿಸುತ್ತಿತ್ತು.

ಪಂಚೆಯವರು, ಅಜ್ಜಿಯ ಮಗ, ಮುಂದೆ ಬಂದರು. ಅಜ್ಜಿ ಅವರನ್ನು ತಡೆದು ಆರತಿಯ ಕಡೆ ತಿರುಗಿದರು. "ತಂಗೀ, ಎಲ್ಲಿಂದ ಬಂದದ್ದು ನೀವು? ಅದೆಂತದು ಒಡಪು?"

ಆರತಿ ಎಲೆ ಬಿಟ್ಟು ಎದ್ದಳು. ಮುಚ್ಚಿಡುವುದಕ್ಕೆ ಇನ್ನೇನೂ ಉಳಿದಿರಲಿಲ್ಲ. "ಧಾರವಾಡದವರ್ರಿ ಅಜ್ಜಿ. ತಪ್ಪಾತ್ರಿ. ನಮ್ಮ ಕಡೆ ಗಂಡನ ಹೆಸರು ಸೀದಾ ಹೇಳಂಗಿಲ್ಲ, ಪ್ರಾಸಾ ಕಟ್ಟಿ ಹೇಳ್ತೇವಿ. ಅದ ಒಡಪು. ನಾ ಸಮುದ್ರಾ ನೋಡಾಕ ಬಂದಾಕಿ. ಇನ್ನೂ ನೋಡಿಲ್ರಿ."

"ಹಾಗಾದ್ರೆ ಇವರ ಹೆಸರು ಹೇಳು ನೋಡ್ವ. ಕೇಳಿದವರು ಇವರೇ ಅಲ್ವಾ? ಹೇಳದೆ ಕೈ ತೊಳೆಯುವ ಹಾಗಿಲ್ಲವಂತೆ."

ಆರತಿ ಗಂಡನನ್ನು ನೋಡಿದಳು. ಅವನು ಬೇಡ ಎಂದು ಕಣ್ಣಲ್ಲೇ ಗೋಗರೆದ. ಮದುವೆಯ ದಿನ ಅವಳು ತಲೆ ತಗ್ಗಿಸಿ, ಅತ್ತೆ ಕಲಿಸಿದ ಒಡಪು ಹೇಳಿದ್ದಳು. ಇಂದು ತಲೆಯೆತ್ತಿ ತನ್ನದೇ ಕಟ್ಟಿದಳು:

"ಸಮುದ್ರಾ ತೋರಸ್ತೇನಂತ ಊರೆಲ್ಲಾ ತಿರುಗಿಸಿದರು,
ದುಃಖದ ಮನಿ ಹೊಕ್ಕು ಮದುಮಗಳ್ನ ಕರೆಸಿದರು,
ಕಿಸೇದಾಗ ಗಾಳಿ ತುಂಬಿಕೊಂಡು ಬಂದಾರ
ನಮ್ಮ ಗುರುಬಸವ ರಾಯರು!"

ಮೊದಲು ನಕ್ಕದ್ದು ಅಜ್ಜಿ. ಸೆರಗು ಬಾಯಿಗಿಟ್ಟುಕೊಂಡರೂ ನಿಲ್ಲಲಿಲ್ಲ. ಆಮೇಲೆ ಇಡೀ ಪಂಕ್ತಿ. ಫೋಟೋದೊಳಗಿನ ಮುದುಕರೊಬ್ಬರೇ ಗಂಭೀರವಾಗಿದ್ದರು.

"ನಮ್ಮವರದ್ದೂ ಇದೇ ಜಾತಿ," ಎಂದು ಅಜ್ಜಿ ಫೋಟೋ ತೋರಿಸಿದರು. "ಸೀಮೆಯ ಒಂದು ಊಟ ಬಿಟ್ಟವರಲ್ಲ. ಹಿತ್ತಲ ಬೇಲಿ ದಾಟಿದರೆ ಸಮುದ್ರ, ಒಂದು ದಿನ ನನ್ನನ್ನ ಕರ್ಕೊಂಡು ಹೋದವರಲ್ಲ. ನೀನು ಹೋಗು ತಂಗೀ, ಈಗಲೇ ಹೋಗು, ರಾತ್ರಿ ನಮ್ಮಲ್ಲೇ ಉಳಿ. ಇವರು ಇಲ್ಲಿರಲಿ. ಇನ್ನೂ ಪಂಕ್ತಿ ಇದೆ, ಎಲೆ ತೆಗೆಯುವ ಜನ ಕಡಿಮೆ."

ಆರತಿ ಬುತ್ತಿ ಹಿಡಿದು ಹಿತ್ತಲ ಬೇಲಿ ದಾಟಿದಳು.

ಸಮುದ್ರ ಅಲ್ಲೇ ಇತ್ತು. ಅವಳು ಚಪ್ಪಲಿ ಕೈಯಲ್ಲಿ ಹಿಡಿದು ನೀರಿಗಿಳಿದಳು. ಅಲೆ ಬಂದು ಕಣಕಾಲು ತೊಳೆದು, ಕಾಲಡಿಯ ಉಸುಕನ್ನು ಎಳೆದುಕೊಂಡು ಹೋಯಿತು. ಅವಳು ಒಬ್ಬಳೇ ಚೀರಿದಳು, ಒಬ್ಬಳೇ ನಕ್ಕಳು. ಆಮೇಲೆ ದಂಡೆಯಲ್ಲಿ ಕೂತು, ಬುತ್ತಿ ಬಿಚ್ಚಿ, ರೊಟ್ಟಿ ಮುರಿದು ಶೇಂಗಾ ಹಿಂಡಿಗೆ ಹಚ್ಚಿ ತಿಂದಳು. ಯಾರೂ ಅವಳಿಗೆ ಏನನ್ನೂ ವಿವರಿಸಲಿಲ್ಲ.

ಹೊತ್ತು ಇಳಿಯುವಾಗ ಗುರುಬಸವ ಬಂದ. ಪ್ಯಾಂಟು ಮಡಚಿತ್ತು, ಮೈಯೆಲ್ಲ ಸಾರಿನ ವಾಸನೆ.

"ನಡಿ, ನಡಿ. ಒಂದು ಫೋಟೋ ಹೊಡ್ಕೊಂಡು ಹೋಗಿಬಿಡೂಣು. ಹುಬ್ಬಳ್ಳಿ ಬಸ್ಸಿಗಿ ಹೊತ್ತಾತು."

"ನೀವು ಹೋಗ್ರಿ," ಎಂದಳು ಆರತಿ, ನೀರಿನಿಂದ ಕಣ್ಣು ತೆಗೆಯದೆ. "ಅಜ್ಜಿ ಇವತ್ತ ಇಲ್ಲೇ ಇರು ಅಂದಾರ. ನನ್ನ ಟಿಕೇಟು ಶೂನ್ಯ, ನಾ ಯಾವಾಗರ ಬರ್ತೇನಿ."

"ನಾ ಹೋಗ್ಲಿ ಅಂದ್ರ..." ಗುರುಬಸವನ ಕೈ ತಾನಾಗಿಯೇ ಕಿಸೆಗೆ ಹೋಯಿತು, ಖಾಲಿ ಬಂತು. ಅವಳ ಸೊಂಟದ ಚೀಲದ ಕಡೆ ನೋಡಿದ.

ಆರತಿ ಸೆರಗು ಎಳೆದು ಚೀಲದ ಮೇಲೆ ಹೊದಿಸಿದಳು.

ಗುರುಬಸವ ಬೇರೆ ದಾರಿ ಕಾಣದೆ, ಸಮುದ್ರದ ಕಡೆ ಮುಖ ಮಾಡಿ ಹೆಂಡತಿಯ ಪಕ್ಕ ಕೂತ. ಉಪನ್ಯಾಸ ಶುರು ಮಾಡಲು ಬಾಯಿ ತೆರೆದ. ಆರತಿ ಅದರೊಳಗೆ ಒಂದು ತುಂಡು ರೊಟ್ಟಿ ಇಟ್ಟಳು.

"ಸುಮ್ನ ಉಣ್ರಿ," ಎಂದಳು. "ಮುಂಜಾನೆ ತಿಕ್ಕಾಕ ಅಜ್ಜಿ ಮನಿ ಪಾತ್ರಿ ಅದಾವಂತ."