ಕಡೇ ಸಾಲು ಬಾರದು

ನನ್ನ ಬಾಯಿ ಜೋರು. ಇದನ್ನು ಬೇರೆಯವರು ಹೇಳುವ ಮೊದಲು ನಾನೇ ಹೇಳಿಬಿಡುತ್ತೇನೆ, ಯಾಕೆಂದರೆ ಆದ ಅನಾಹುತಕ್ಕೆ ಕಂಪ್ಯೂಟರಿಗಿಂತ ನನ್ನ ಬಾಯಿಯೇ ಹೆಚ್ಚು ಕಾರಣ. ಹೆಸರು ವಿಜೇತಾ, ಊರು ಬೆಂಗಳೂರು, ಕೆಲಸ ಕೋಲ್ಕತ್ತದ ಸೆಕ್ಟರ್ ಫೈವ್‌ನಲ್ಲಿ. ಕಂಪನಿಗಳ ಓಬೀರಾಯನ ಕಾಲದ ಸಾಫ್ಟ್‌ವೇರ್ ಬಿಚ್ಚಿ, ಒಳಗಿರುವುದನ್ನೆಲ್ಲ ಕ್ಲೌಡಿಗೆ ಸಾಗಿಸುವುದು ನನ್ನ ಉದ್ಯೋಗ. ಮನೆ ಸಾಮಾನು ಸಾಗಿಸುವ ಲಾರಿಯವರ ಕೆಲಸದಂಥದ್ದೇ, ಆದರೆ ಅವರಿಗೆ ಇಷ್ಟು ಜಂಬ ಇರುವುದಿಲ್ಲ.

ಇಲ್ಲಿ ನನಗೆ ಇರುವ ಒಂದೇ ಬಂಧು ಜಲಜಾ ದೊಡ್ಡಮ್ಮ, ಅಮ್ಮನ ಅಕ್ಕ. ಸದರ್ನ್ ಅವೆನ್ಯೂ ಹಿಂದಿನ ಓಣಿಯಲ್ಲಿ ಅವರದೊಂದು ಅಡುಗೆಮನೆ. ಕೋಲ್ಕತ್ತದ ಕನ್ನಡದವರ ಮನೆಗಳಲ್ಲಿ ಮದುವೆ, ಮುಂಜಿ, ಸೀಮಂತ ಏನೇ ಆದರೂ ಉಡುಪಿ ಕಡೆಯ ಊಟ ಇಲ್ಲಿಂದಲೇ ಹೋಗಬೇಕು. ಉಗ್ರಾಣದ ಪಕ್ಕದ ಕೋಣೆಯಲ್ಲಿ ಒಂದು ಮುದಿ ಕಂಪ್ಯೂಟರ್ ಇತ್ತು. ಈ ಸಲದ ಮಳೆಗೆ ಓಣಿಯ ನೀರು ಕೋಣೆಗೆ ನುಗ್ಗಿ, ಅದನ್ನು ಅಕ್ಕಿ ಮೂಟೆಯ ಮೇಲೆ ಹತ್ತಿಸಿ ಕೂರಿಸಿದ್ದರು. ಯಾರ ಮನೆಯಲ್ಲಿ ಯಾವ ಸಮಾರಂಭ, ಎಷ್ಟು ಎಲೆ, ಯಾರಿಗೆ ಏನು ಪಥ್ಯ, ಎಲ್ಲವೂ ಅದರ ಹೊಟ್ಟೆಯಲ್ಲಿತ್ತು.

"ಇದು ಮುಳುಗಿದರೆ ನಾನೂ ಮುಳುಗಿದೆ ಮಾರಾಯ್ತಿ. ನಿನ್ನ ಆ ಮೋಡಕ್ಕೆ ಹಾಕಿ ಕೊಡು," ಎಂದರು ದೊಡ್ಡಮ್ಮ.

ಆ ಪ್ರೋಗ್ರಾಂ ಬರೆದವರು ರಾಮಕೃಷ್ಣ ಭಟ್ಟರು. ಅರವತ್ತೆಂಟು ವರ್ಷ, ಅಲ್ಲಿನ ಮ್ಯಾನೇಜರ್. ತೊಂಬತ್ತೆಂಟರಲ್ಲಿ ಸಂಜೆ ತರಗತಿಗೆ ಹೋಗಿ ಫಾಕ್ಸ್‌ಪ್ರೊ ಎಂಬ ಆ ಕಾಲದ ಪ್ರೋಗ್ರಾಮಿಂಗ್ ಕಲಿತು, ಒಬ್ಬರೇ ಕೂತು ಬರೆದದ್ದು. ನಿಜ ಹೇಳಬೇಕೆಂದರೆ ಕೆಲಸ ಅಚ್ಚುಕಟ್ಟಾಗಿತ್ತು. ಆದರೆ ಆಗ ನಾನು ಹಾಗೆ ಹೇಳಲಿಲ್ಲ. "ಅಯ್ಯೋ ಭಟ್ರೇ, ಇದನ್ನ ಮ್ಯೂಸಿಯಂಗೆ ಕೊಡಿ," ಎಂದೆ. ಅವರು ನಕ್ಕರು.

ಸಮಾರಂಭಗಳಿಗೆ ಭಟ್ಟರು ಸಂಖ್ಯೆ ಕೊಟ್ಟಿದ್ದರು. ಒಂದು ಮದುವೆ, ಎರಡು ಮುಂಜಿ, ಮೂರು ಸೀಮಂತ, ಹೀಗೆ. ಏಳರ ಮುಂದೆ ಮಾತ್ರ ಹೆಸರಿರಲಿಲ್ಲ, ಬರೀ ಏಳು. ಬಿಲ್ಲಿನ ಕೊನೆಯಲ್ಲಿ "ಧನ್ಯವಾದ. ಮತ್ತೆ ಬರ್ತೇವೆ" ಎಂಬ ಸಾಲು ಎಲ್ಲದಕ್ಕೂ ಅಚ್ಚಾಗುತ್ತಿತ್ತು, ಏಳಕ್ಕೆ ಆಗುತ್ತಿರಲಿಲ್ಲ. ಕೋಡಿನಲ್ಲಿ ಆ ಜಾಗ ಹುಡುಕಿದೆ. ಅಲ್ಲಿ ಭಟ್ಟರು ಇಂಗ್ಲಿಷ್ ಅಕ್ಷರದಲ್ಲಿ ಕನ್ನಡದ ಒಂದು ಟಿಪ್ಪಣಿ ಬರೆದಿಟ್ಟಿದ್ದರು: ಏಳಕ್ಕೆ ಕಡೇ ಸಾಲು ಬಾರದು.

ಬಾರದು, ಅಂದರೆ ಬರುವುದಿಲ್ಲ. ದಿನಾ ಸಾಫ್ಟ್‌ವೇರಿನ ತಪ್ಪು ಹುಡುಕಿ ಹೊಟ್ಟೆ ಹೊರೆಯುವ ನನಗೆ ಹೊಳೆದದ್ದು ಅಷ್ಟೇ. ಪಾಪ, ಮುದುಕ ತಪ್ಪು ಗುರುತಿಸಿದ್ದಾರೆ, ಸರಿಮಾಡಲು ಬಂದಿಲ್ಲ, ಟಿಪ್ಪಣಿ ಬರೆದು ಕೈಬಿಟ್ಟಿದ್ದಾರೆ ಅಂದುಕೊಂಡೆ. ಹೊಸದರಲ್ಲಿ ಏಳಕ್ಕೆ "ಇತರೆ ಸಮಾರಂಭ" ಎಂದು ನಾಮಕರಣ ಮಾಡಿದೆ. ಕಡೇ ಸಾಲು ಎಲ್ಲರಿಗೂ ಹೋಗುವಂತೆ ಮಾಡಿದೆ, ಅದೂ ಊಟದ ಮರುದಿನ ಬೆಳಿಗ್ಗೆ ಒಂಬತ್ತಕ್ಕೆ ವಾಟ್ಸಾಪಿನಲ್ಲಿ ತಾನಾಗಿಯೇ. ಸಾಲು ಸಪ್ಪೆ ಅನ್ನಿಸಿ "ಬೇಗ" ಎಂಬ ಮಾತೊಂದನ್ನು ಸೇರಿಸಿದೆ, ಒಂದು ಲಡ್ಡುವಿನ ಚಿತ್ರವನ್ನೂ ಅಂಟಿಸಿದೆ.

ಭಟ್ಟರು ನನ್ನ ಹತ್ತಿರ ಮೂರು ಸಲ ಬಂದರು. ಮೊದಲ ಸಲ ನಾನು ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಆಫೀಸಿನ ಮೀಟಿಂಗ್‌ನಲ್ಲಿದ್ದೆ, ಕೈಯಲ್ಲೇ ಆಮೇಲೆ ಎಂದೆ. ಎರಡನೇ ಸಲ ಊಟಕ್ಕೆ ಕೂತಾಗ, "ಮಗಾ, ಆ ಏಳನೇ ನಂಬ್ರದ್ದು ಒಂದು ಹೇಳ್ಲಿಕ್ಕುಂಟು," ಎಂದರು. "ನಿಮ್ಮ ಕೋಡ್ ಸಾಲು ಸಾಲೂ ಓದಿದೀನಿ ಭಟ್ರೇ, ಇನ್ನು ಹೇಳೋಕೆ ಏನೂ ಉಳಿದಿಲ್ಲ," ಎಂದೆ. ಮೂರನೆಯದು ಹೊಸ ವ್ಯವಸ್ಥೆಯ ಪೂಜೆಯ ದಿನ. ಅಡುಗೆಯವರೆಲ್ಲ ಸೇರಿದ್ದರು. ನಾನು ಲ್ಯಾಪ್‌ಟಾಪ್ ಎತ್ತಿ ಹಿಡಿದು, "ನೋಡಿ, ಭಟ್ರು ಇಪ್ಪತ್ತಾರು ವರ್ಷದಿಂದ ಒಂದು ತಪ್ಪನ್ನ ಸಾಕಿಕೊಂಡು ಬಂದಿದ್ರು. ಕಡೇ ಸಾಲು ಬರಲ್ಲ ಅಂತ ಬರೆದಿಟ್ಟು ಕೈ ಕಟ್ಟಿ ಕೂತಿದ್ರು. ನಾನು ಹತ್ತು ನಿಮಿಷದಲ್ಲಿ ಬರಿಸಿದೆ!" ಎಂದೆ. ಎಲ್ಲರೂ ಹೋ ಎಂದು ನಕ್ಕರು.

ಭಟ್ಟರು, "ಅದು ಹಾಗಲ್ಲ ಮಗಾ..." ಎಂದು ಶುರು ಮಾಡಿದರು.

"ಬಿಡಿ ಭಟ್ರೇ, ಇನ್ನು ಆ ತಲೆನೋವು ನಿಮಗಿಲ್ಲ," ಎಂದು ಪ್ರಸಾದ ಅವರ ಕೈಗಿಟ್ಟೆ. ಇದನ್ನು ಬರೆಯುವಾಗಲೂ ಕಿವಿ ಬಿಸಿಯಾಗುತ್ತದೆ.

ಎರಡು ವಾರ ಎಲ್ಲ ಸುಸೂತ್ರ. ಆಮೇಲೆ ಒಂದು ಶನಿವಾರ ಬೆಳಿಗ್ಗೆ ನಾನು ಅಡುಗೆಮನೆಯಲ್ಲೇ ಇಡ್ಲಿ ತಿನ್ನುತ್ತಿದ್ದೆ. ದೊಡ್ಡಮ್ಮನಿಗೆ ಫೋನ್ ಬಂತು. ಆ ಕಡೆ ದಕ್ಷಿಣೇಶ್ವರದ ರತ್ನಾವತಿಯವರು, ಬದರಿನಾಥರ ಹೆಂಡತಿ. ದೊಡ್ಡಮ್ಮ ಪೂರ್ತಿ ಕೇಳಿಸಿಕೊಂಡರು. ಫೋನ್ ಇಟ್ಟವರೇ ಭಟ್ಟರ ಮೇಲೆ ಹರಿಹಾಯ್ದರು.

"ಎಂತ ಭಟ್ರೇ ಇದು! ನಿನ್ನೆ ಬದರಿನಾಥರ ವೈಕುಂಠ ಸಮಾರಾಧನೆಗೆ ಬಡಿಸಿ ಬಂದವರು ನಾವು. ಇವತ್ತು ಆ ಮನೆಗೆ 'ಮತ್ತೆ ಬೇಗ ಬರ್ತೇವೆ' ಅಂತ ಮೆಸೇಜು! ಲಡ್ಡು ಬೇರೆ! ಅಪ್ಪನನ್ನು ತಿಂದ ಡೆಂಗಿ ಮಗಳನ್ನೂ ಹಿಡಿದುಂಟು, ಇಂಚರಾ ಇನ್ನೂ ಆಸ್ಪತ್ರೆಯಲ್ಲಿ. ಪ್ಲೇಟ್ಲೆಟ್ ಹನ್ನೆರಡು ಸಾವಿರಕ್ಕೆ ಇಳಿದಿದೆ ಅಂತ ಡಾಕ್ಟ್ರು ಹೇಳ್ತಾ ಇರುವಾಗ ರತ್ನಾವತಿ ಇದನ್ನು ಓದಿದಳಂತೆ. ಸಾವಿನ ಮನೆಯಲ್ಲಿ ಬರ್ತೇವೆ ಅನ್ನಬಾರದು ಅಂತಲೇ ಅಲ್ವಾ ನಾವು ಏಳನೇ ನಂಬ್ರಕ್ಕೆ ಆ ಸಾಲು ತೆಗೆಸಿದ್ದು? ಹುಡುಗಿಗೆ ಎಲ್ಲ ಹೇಳಿ ಅಂತ ನಿಮಗೆ ಸಾವಿರ ಸಲ ಹೇಳಿದ್ದೆ. ಹೇಳ್ಲಿಲ್ವಾ ನೀವು?"

ಬಾರದು. ಬರುವುದಿಲ್ಲ ಅಲ್ಲ, ಬರಕೂಡದು.

ಹಾಗೆಂದು ಗೊತ್ತಿಲ್ಲದವಳೂ ನಾನಲ್ಲ. ತಾತ ಹೋದಾಗ ಬಸವನಗುಡಿಯ ಮನೆಯಿಂದ ಹೊರಡುತ್ತಾ "ಹೋಗಿ ಬರ್ತೀನಿ" ಎಂದದ್ದಕ್ಕೆ ಅಮ್ಮ ತೊಡೆ ಚಿವುಟಿದ್ದಳು. ಎಂಟು ವರ್ಷಕ್ಕೇ ಗೊತ್ತಿದ್ದದ್ದು ಇಪ್ಪತ್ತೊಂಬತ್ತಕ್ಕೆ ಮರೆತುಹೋಗಿತ್ತು. ಎತ್ತು ಕರು ಹಾಕಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜಾತಿ ಕಂಪ್ಯೂಟರಿನದು ಎಂದು ನಾನೇ ತಮಾಷೆ ಮಾಡುತ್ತಿದ್ದೆ. ಕಟ್ಟಿದವಳು ನಾನು.

ಭಟ್ಟರು ಒಂದು ಕ್ಷಣ ನನ್ನ ಕಡೆ ನೋಡಿದರು. ಆಮೇಲೆ ತಲೆ ತಗ್ಗಿಸಿ, "ಹೇಳ್ಲಿಕ್ಕೆ ಮರೆತೇ ಹೋಯ್ತು ಜಲಜಮ್ಮ. ವಯಸ್ಸಾಯ್ತು," ಎಂದರು.

ನಾನು ಇಡ್ಲಿಯನ್ನು ನೋಡುತ್ತಾ ಕೂತೆ. ಅಡುಗೆಯವರೆಲ್ಲ ಅಲ್ಲೇ ಇದ್ದರು, ಪೂಜೆಯ ದಿನ ನಕ್ಕವರೇ. ಒಂದೇ ಒಂದು ಮಾತು ಆಡಿದ್ದರೆ ಮುಗಿದುಹೋಗುತ್ತಿತ್ತು. ಆಡಲಿಲ್ಲ. ಬಾಯಿ ಜೋರು ಅನ್ನುತ್ತಾರೆ ನನಗೆ, ಥೂ. ಯಾರೂ ನೋಡದಾಗ ಲ್ಯಾಪ್‌ಟಾಪ್ ತೆಗೆದು ಏಳಕ್ಕೆ ಕಡೇ ಸಾಲು ಬಾರದ ಹಾಗೆ ಮಾಡಿದೆ, ಕಳ್ಳಿಯ ಹಾಗೆ.

ಸಂಜೆ ಭಟ್ಟರು ದಕ್ಷಿಣೇಶ್ವರಕ್ಕೆ ಹೊರಟರು. ದೊಡ್ಡಮ್ಮ ನನ್ನನ್ನೂ ಜೊತೆಗೆ ಕಳಿಸಿದರು, ಹೇಗಾಯಿತೆಂದು ಬಿಡಿಸಿ ಹೇಳಲು ಬೇಕಾಗುತ್ತದೆಂದು. ರವೀಂದ್ರ ಸರೋವರದಿಂದ ಮೆಟ್ರೋದಲ್ಲಿ ಆ ತುದಿಯವರೆಗೆ ಭಟ್ಟರು ಆಡಿದ್ದು ಒಂದೇ ಮಾತು: "ಬದರಿಯೂ ನಾನೂ ಮೂವತ್ತು ವರ್ಷ ಭಾನುವಾರ ಭಾನುವಾರ ಇಸ್ಪೀಟು ಆಡಿದವರು." ಮುಂದಿನ ಸ್ಟೇಷನ್ನಿನಲ್ಲಿ ಹೇಳುತ್ತೇನೆ, ಅದರ ಮುಂದಿನದರಲ್ಲಿ ಹೇಳುತ್ತೇನೆ ಎಂದು ನಾನು ಎಣಿಸುತ್ತಲೇ ಇದ್ದೆ. ಸ್ಟೇಷನ್ನುಗಳು ಮುಗಿದವು.

ರತ್ನಾವತಿಯವರು ಸ್ನಾನಕ್ಕೆಂದು ಆಸ್ಪತ್ರೆಯಿಂದ ಮನೆಗೆ ಬಂದಿದ್ದರು. ಕೂದಲು ಇನ್ನೂ ಒದ್ದೆ, ಹೆಗಲಿಗೆ ಆಸ್ಪತ್ರೆಯ ಕಾಗದಗಳ ಚೀಲ. ಭಟ್ಟರು ಕೂರಲಿಲ್ಲ. ನಿಂತೇ ಕೈಮುಗಿದರು.

"ತಪ್ಪು ನಂದು ರತ್ನಾವತಿ. ಹೊಸ ಕಂಪ್ಯೂಟರಿಗೆ ಹಾಕುವಾಗ ಹೇಳ್ಲಿಕ್ಕೆ ಮರೆತೆ."

ರತ್ನಾವತಿಯವರು ಅವರನ್ನು ಬಿಟ್ಟು ನನ್ನನ್ನು ನೋಡಿದರು. "ನೀನು ಯಾರಮ್ಮ?"

"ಜಲಜಾ ದೊಡ್ಡಮ್ಮನ ತಂಗಿ ಮಗಳು."

"ಕಂಪ್ಯೂಟರಿನವಳಾ?"

"ಹೌದು."

ಅವರು ಕಾಯುತ್ತಿದ್ದರು. ಈಗ ಯೋಚಿಸಿದರೆ ಅದು ಕಾಯುವಿಕೆಯೇ. ಆಗ ನನಗೆ ಕಂಡದ್ದು ಅವರ ಕೆಂಪಗಾದ ಕಣ್ಣು ಮಾತ್ರ, ಭೂಮಿ ಬಾಯಿ ಬಿಟ್ಟರೆ ಸಾಕು ಅನ್ನಿಸಿತ್ತು. ಅವರು ಮತ್ತೆ ಭಟ್ಟರ ಕಡೆ ತಿರುಗಿದರು.

"ಬೇರೆ ಯಾರಾದ್ರೂ ಆಗಿದ್ರೆ ಬೇಜಾರಿಲ್ಲ ಭಟ್ರೇ. ನೀವು ಮರೀತೀರಿ ಅಂತಾದ್ರೆ... ಇನ್ನು ಈ ಮನೆಗೆ ಬರುದು ಬೇಡ."

ಭಟ್ಟರು ತಲೆಯಾಡಿಸಿ ಹೊರಬಂದರು. ಎರಡನೇ ಮಹಡಿಯ ಮೆಟ್ಟಿಲಲ್ಲಿ ಕೂತುಬಿಟ್ಟರು, ಕಾಲು ನೋಯ್ತದೆ ಎಂದರು. ನಾನು ಅವರ ಪಕ್ಕ ನಿಂತು ನೀರಿನ ಬಾಟಲಿ ಹಿಡಿದುಕೊಂಡಿದ್ದೆ. ಆಗಲೂ ಹೇಳಲಿಲ್ಲ.

ಮರುದಿನದಿಂದ ಭಟ್ಟರು ಕಂಪ್ಯೂಟರ್ ಕೋಣೆಗೆ ಬರುವುದನ್ನೇ ಬಿಟ್ಟರು. ಅಡುಗೆಯವರ ಜೊತೆ ಕೂತು ತರಕಾರಿ ಹೆಚ್ಚುತ್ತಿದ್ದರು. ಭಟ್ಟರಿಗೆ ಮರೆವು ಶುರುವಾಗಿದೆ ಎಂದು ದೊಡ್ಡಮ್ಮ ಫೋನಿನಲ್ಲಿ ಒಬ್ಬರಿಬ್ಬರಿಗೆ ಹೇಳುವುದೂ ಕಿವಿಗೆ ಬಿತ್ತು.

ಐದನೇ ದಿನ ಇಂಚರಾಳ ಪ್ಲೇಟ್ಲೆಟ್ ಏರಿತೆಂದು ಸುದ್ದಿ ಬಂತು. ಅದನ್ನು ಕೇಳಿದ ಮೇಲೆಯೇ ನನಗೆ ಧೈರ್ಯ ಬಂದದ್ದು. ನೋಡಿ ಎಂಥವಳು ನಾನು! ಆ ಹುಡುಗಿಗೆ ಏನಾದರೂ ಆಗಿದ್ದರೆ ಸಾಯುವ ತನಕ ಬಾಯಿ ಬಿಡುತ್ತಿರಲಿಲ್ಲವೋ ಏನೋ. ಆಫೀಸಿಗೆ ರಜೆ ಹಾಕಿ ಆಸ್ಪತ್ರೆಗೆ ಓಡಿದೆ. ವಾರ್ಡಿನ ಹೊರಗೆ ರತ್ನಾವತಿಯವರು ಒಬ್ಬರೇ ಬೆಂಚಿನಲ್ಲಿ ಕೂತಿದ್ದರು. ಅವರ ಕಾಲ ಬಳಿ ಕೂತು ಎಲ್ಲ ಒದರಿದೆ. ಟಿಪ್ಪಣಿ, ನಾನು ಅದನ್ನು ಓದಿದ ರೀತಿ, ಲಡ್ಡು, ಭಟ್ಟರು ಮೂರು ಸಲ ಹೇಳಬಂದದ್ದು, ಎಲ್ಲರ ಎದುರು ಅವರನ್ನು ನಗೆಪಾಟಲು ಮಾಡಿದ್ದು.

ಅವರು ಬೈಯಲಿಲ್ಲ. "ನಂಗೆ ಅವತ್ತೇ ಗೊತ್ತಿತ್ತು," ಎಂದರು. "ಭಟ್ರು ಒಂದು ತಿಥಿ ಮರೆತವರಲ್ಲ. ನೀನು ಬಾಯಿ ಬಿಡ್ತೀಯಾ ಅಂತ ನೋಡಿದೆ. ಬಿಡ್ಲಿಲ್ಲ. ಆ ಸಿಟ್ಟನ್ನು ಅವರ ಮೇಲೆ ಹಾಕಿದೆ, ನಂದೂ ತಪ್ಪೇ. ಅವರಿಗೆ ಹೇಳಿದ್ಯಾ?"

"ಇಲ್ಲ."

"ಜಲಜಕ್ಕನಿಗೆ?"

"ಇಲ್ಲ."

"ಮತ್ತೆ ಇಲ್ಲಿ ಎಂತಕ್ಕೆ ಅಳ್ತಾ ಕೂತಿದ್ದಿ? ಇಂಚರಾ ಬೆಳಿಗ್ಗೆಯಿಂದ ಭಟ್ಟಮಾಮ ಎಲ್ಲಿ ಅಂತ ಕೇಳ್ತಾ ಇದ್ದಾಳೆ. ಹೋಗು. ಹೇಳಿ ಕರ್ಕೊಂಡು ಬಾ."

ನಾನು ಸುಲಭದ ಬಾಗಿಲನ್ನೇ ಮೊದಲು ತಟ್ಟಿದ್ದೆ. ಕಷ್ಟದ್ದು ನಮ್ಮ ಅಡುಗೆಮನೆಯದು. ಹೋದಾಗ ಮಧ್ಯಾಹ್ನದ ಚಹದ ಹೊತ್ತು, ದೊಡ್ಡಮ್ಮ, ಅಡುಗೆಯವರು ಎಲ್ಲರೂ ಇದ್ದರು. ಭಟ್ಟರು ಮೆಟ್ಟುಗತ್ತಿಯ ಮುಂದೆ ಕೂತು ಬೂದುಗುಂಬಳ ಹೆಚ್ಚುತ್ತಿದ್ದರು. ಪೂಜೆಯ ದಿನ ನಿಂತ ಜಾಗದಲ್ಲೇ ನಿಂತೆ.

"ಭಟ್ರು ಮರೆತದ್ದಲ್ಲ. ಮೂರು ಸಲ ಹೇಳೋಕೆ ಬಂದರು, ನಾನು ಕೇಳಲಿಲ್ಲ. ಅದು ತಪ್ಪಾಗಿರಲೇ ಇಲ್ಲ, ಬೇಕಂತಲೇ ಬರೆದದ್ದು. ಕೆಡಿಸಿದವಳು ನಾನು. ಗೊತ್ತಾದ ಮೇಲೂ ಐದು ದಿನ ಬಾಯಿ ಮುಚ್ಚಿಕೊಂಡಿದ್ದೆ."

ದೊಡ್ಡಮ್ಮನ ಮುಖ ನೋಡುವ ಧೈರ್ಯ ನನಗಿರಲಿಲ್ಲ. ಭಟ್ಟರು ಕೈ ಒರೆಸಿಕೊಂಡು ಎದ್ದರು. ಬೈಯಲಿ, ಎಲ್ಲರ ಎದುರು ಒಂದು ಬಾರಿಸಲಿ ಎಂದು ದೇವರನ್ನು ಬೇಡಿಕೊಂಡೆ.

ಅವರು ನನ್ನನ್ನು ಸಮಾಧಾನ ಮಾಡುವ ದನಿಯಲ್ಲಿ ಹೇಳಿದರು: "ನಾನು ಬರೆದದ್ದೂ ಅಷ್ಟು ಸರಿ ಇಲ್ಲ ಮಗಾ. ಬಾರದು ಅಂತ ಬರೆದರೆ ಯಾರಿಗಾದ್ರೂ ಹಾಗೇ ಕಾಣ್ತದೆ. ಬರಕೂಡದು ಅಂತ ಬರೀಬೇಕಿತ್ತು. ತಪ್ಪು ನಂದೂ..."

"ಬೇಡ ಭಟ್ರೇ," ಎಂದೆ. ಅಳು ನುಗ್ಗಿ ಬಂತು. "ಇದೊಂದನ್ನಾದರೂ ನನಗೆ ಬಿಡಿ."