ರಾಣಿಯ ಮೂಗು

ರಾಣಿಯ ಮೂಗು ತನ್ನ ಅಮ್ಮನ ಮೂಗಿನ ಹಾಗೇ ಆಗಿಬಿಟ್ಟಿದೆ, ಯಾರಾದರೂ ಗುರುತು ಹಿಡಿದರೆ? ಬೆಳಗಿನಿಂದ ಪುಟ್ಟಿಗೆ ಇದೊಂದೇ ಅಳುಕು. ಎಲ್ಲವನ್ನೂ ದಿನಚರಿಗೆ ಹೇಳಿಕೊಳ್ಳುವವಳು ಇದನ್ನು ಮಾತ್ರ ಬರೆದಿರಲಿಲ್ಲ. ಗಾಜಿನ ಪೆಟ್ಟಿಗೆಯೊಳಗೆ, ನೀಲಿ ಮಖಮಲ್ಲಿನ ಮೇಲೆ, ಎರಡು ಸಾವಿರ ವರ್ಷ ಹಿಂದಿನ ಬೆಳ್ಳಿ ನಾಣ್ಯದ ರಾಣಿ ತುದಿ ಕೊಂಚ ಬಾಗಿದ ಆ ಮೂಗನ್ನು ಎತ್ತಿಕೊಂಡು ಪಕ್ಕಕ್ಕೆ ತಿರುಗಿದ್ದಳು.

ಇತಿಹಾಸದ ಡಿಗ್ರಿ ಮುಗಿಸಿ ಎಲ್ಲೂ ಕೆಲಸ ಸಿಗದೆ ಚಿಕ್ಕಪ್ಪನ ಹಳೆ ನಾಣ್ಯದ ಅಂಗಡಿಗೆ ಬಂದವಳು ಅವಳು. ಗಿರಾಕಿಗಳ ಜೊತೆ ಮಾತಾಡುವುದೊಂದು ಬೇಡ ಅಂದಿದ್ದಳು. ಚಿಕ್ಕಪ್ಪ ಹಿಂದಿನ ಕೋಣೆಯಲ್ಲಿ ಕೂರಿಸಿದ. ಮೊದಮೊದಲು ನಾಣ್ಯಕ್ಕೆ ಅಂಟಿದ ಮಣ್ಣು ಬಿಡಿಸುವ ಕೆಲಸ. ಆಮೇಲೊಂದು ದಿನ ಸೂಜಿಯಂಥ ಉಳಿಯನ್ನು ಕೈಗಿಟ್ಟು, "ಕೂದಲಿನ ಗೆರೆ ಸ್ವಲ್ಪ ಎದ್ದು ಕಾಣೋ ಹಾಗೆ ಮಾಡು ಪುಟ್ಟಿ" ಎಂದ.

ಅವಳು ಚಿಕ್ಕಪ್ಪನ ಮುಖ ನೋಡಿದಳು.

"ಮೊದಲು ಅಕ್ಷರ ಓದೋರು ಬರ್ತಿದ್ರು ಕಣೇ. ಸವೆದಿದ್ರೂ ಪರವಾಗಿರಲಿಲ್ಲ. ಗಂಟೆಗಟ್ಟಲೆ ಕೂತು ನನ್ನ ತಲೆ ತಿಂದು, ಚೌಕಾಸಿ ಮಾಡಿ ತಗೊಂಡು ಹೋಗೋರು. ಈಗಿನೋರಿಗೆ ಮುಖ ಬೇಕು. ಫೋನಲ್ಲಿ ಫೋಟೋ ನೋಡಿ ಅಲ್ಲಿಂದಲೇ ರೇಟು ಕೂಗ್ತಾರೆ. ಮುಖ ಇದ್ರೆ ಹತ್ತು ಪಟ್ಟು, ಇಲ್ಲದಿದ್ರೆ ಬರೀ ತೂಕದ ಬೆಳ್ಳಿ. ಮುದುಕೀರಿಗೂ ಮೇಕಪ್ಪು ಬೇಕಾದ ಕಾಲ ಇದು!"

ಅವಳೂ ನಕ್ಕಿದ್ದಳು. ಕೈ ಕುದುರಿತು. ಹೊಸ ಗೆರೆಗೆ ಹಳೆಯ ಕಪ್ಪು ಬರುವಂತೆ ಮದ್ದು ಸವರುವುದೂ ಬಂತು. ಪೂರ್ತಿ ನುಣುಪಾಗಿ ಹೋಗಿದ್ದ ಈ ರಾಣಿಗೆ ಮೂಗು ಕೊಡಬೇಕಾಗಿ ಬಂದಾಗ ಮಾತ್ರ, ಅವಳ ಕೈಗೆ ಗೊತ್ತಿದ್ದ ಮೂಗು ಒಂದೇ.

ಮಧ್ಯಾಹ್ನ ಬಾಗಿಲು ತಳ್ಳಿಕೊಂಡು ಬಂದವರನ್ನು ಅವಳು ಕಂಡ ಕೂಡಲೇ ಗುರುತಿಸಿದಳು. ಕಂಡಕ್ಟರ್ ತಾತ. ಜೀವಮಾನವಿಡೀ ಬಸ್ಸಿನಲ್ಲಿ ಟಿಕೆಟ್ ಹರಿದವರು. ಯಾರೋ ಪ್ರಯಾಣಿಕ ಕೊಟ್ಟ ಚಿಲ್ಲರೆಯಲ್ಲಿ ಸೇರಿಕೊಂಡು ಬಂದಿದ್ದ ಈ ರಾಣಿಯನ್ನು ವರ್ಷಗಟ್ಟಲೆ ಜೇಬಲ್ಲಿಟ್ಟು ಹೆಬ್ಬೆರಳಲ್ಲಿ ಸವರುತ್ತಿದ್ದವರು. ಹೆಂಡತಿಯ ಆಪರೇಷನ್ನಿಗೆಂದು ಹೋದ ವರ್ಷ ಇಲ್ಲಿಗೆ ಮಾರಿದ್ದರು.

"ನನ್ನ ರಾಣಿ ಇದ್ದಾಳೇನಪ್ಪಾ? ಕರಕೊಂಡು ಹೋಗೋಣ ಅಂತ ಬಂದೆ."

"ನಿಮ್ಮ ಅದೃಷ್ಟ ಯಜಮಾನ್ರೇ, ಇನ್ನೂ ಇದ್ದಾಳೆ. ಆದರೆ ರೇಟು ಈಗ ಆಗಿನ ಹಾಗಿಲ್ಲ." ಚಿಕ್ಕಪ್ಪ ಬೆಲೆ ಹೇಳಿದ.

ತಾತ ಗಾಜಿನ ಪೆಟ್ಟಿಗೆಗೆ ಕೈಯೂರಿದರು. "ನಾನು ಕೊಟ್ಟಾಗ ಇವಳಿಗೆ ಏನೂ ಬರಲ್ಲ ಅಂದಿದ್ರಿ."

"ಮಾರ್ಕೆಟ್ಟು, ಯಜಮಾನ್ರೇ. ನಮ್ಮ ಕೈಲಿದೆಯಾ? ಪುಟ್ಟಿ, ತಗೊಂಡು ಬಾ."

ಅವಳು ತಟ್ಟೆ ತಂದಿಟ್ಟು ಗೋಡೆಗೆ ಒರಗಿ ನಿಂತಳು. ತಾತ ನಾಣ್ಯ ಎತ್ತಿಕೊಂಡವರೇ ಉಗುರಿನಿಂದ ಅಂಚು ತಡವಿದರು. ಅಲ್ಲೊಂದು ಸಣ್ಣ ಕಚ್ಚು ಇತ್ತು. ಅವರ ಮುಖ ಅರಳಿತು. ಆಮೇಲೆ ಹೆಬ್ಬೆರಳು ನಡುವಿಗೆ ಹೋಯಿತು, ಅಲ್ಲೇ ನಿಂತಿತು. ಕನ್ನಡಕ ಹಣೆಗೇರಿಸಿ ನೋಡಿದರು, ಇಳಿಸಿ ನೋಡಿದರು.

"ಅಂಚು ನಂದೇ. ಇವಳು ಯಾರು? ನಂದರಲ್ಲಿ ಮುಖಾನೇ ಇರಲಿಲ್ಲವಲ್ಲ. ನುಣ್ಣಗೆ ಇತ್ತು."

ಚಿಕ್ಕಪ್ಪನ ಕಣ್ಣು ಒಮ್ಮೆ ಅವಳ ಕಡೆ ಹೊರಳಿ ಹಿಂದಕ್ಕೆ ಹೋಯಿತು. ಕೆತ್ತಿದ ನಾಣ್ಯ ಎಂದು ಒಬ್ಬರ ಬಾಯಿಗೆ ಬಿದ್ದರೂ ಸಾಕು, ನಾಳೆ ಅಂಗಡಿಗೆ ಒಂದು ನೊಣವೂ ಬರುವುದಿಲ್ಲ ಎಂದು ಅವನೇ ಎಷ್ಟೋ ಸಲ ಹೇಳಿದ್ದ.

"ಮುಖ ಯಾವಾಗಲೂ ಇತ್ತಲ್ಲ! ವಯಸ್ಸಾಯ್ತು, ಮರೆತಿರ್ತೀರಿ ಬಿಡಿ."

ಬೈಯುತ್ತಾರೆ, ಕೂಗಾಡುತ್ತಾರೆ ಎಂದುಕೊಂಡಳು. ತಾತ ಬೈಯಲಿಲ್ಲ. ಮೆಲ್ಲಗೆ ಸ್ಟೂಲಿನ ಮೇಲೆ ಕೂತರು.

"ಮನೇಲಿ ಹೆಂಡ್ತೀನೂ ಹೀಗೇ ಅಂತಾಳೆ. ಗ್ಯಾಸ್ ಆರಿಸಲಿಲ್ಲ ಅಂತಾಳೆ, ಹೇಳಿದ್ದನ್ನೇ ಹೇಳ್ತೀರಿ ಅಂತಾಳೆ. ಮರೆವಿನ ಡಾಕ್ಟರ ಹತ್ತಿರ ಹೋಗೋಣ ಅಂದಾಗ ರೇಗಾಡಿಬಿಟ್ಟೆ. ಎಲ್ಲಾ ಮರೆತರೂ ನನ್ನ ರಾಣೀನ ಕತ್ತಲಲ್ಲಿ ಮುಟ್ಟಿ ಹೇಳ್ತೀನಿ ಕಣೇ, ಅಂದಿದ್ದೆ ಅವಳಿಗೆ."

ಅವರ ಹೆಬ್ಬೆರಳು ಬಾಗಿದ ಮೂಗಿನ ಮೇಲೆ ಹೋಗಿ ಬರುತ್ತಿತ್ತು, ಅಲ್ಲೇ ಎಲ್ಲೋ ಕೆಳಗೆ ಹಳೆಯ ನುಣುಪು ಅಡಗಿದೆ ಎಂಬಂತೆ.

"ಒಂದೆರಡು ನಿಮಿಷ ಕೂತ್ಕೊಳ್ಳಿ, ನೆನಪಾಗುತ್ತೆ," ಎಂದ ಚಿಕ್ಕಪ್ಪ, ಕನಿಕರದ ದನಿಯಲ್ಲಿ.

"ಇಲ್ಲಪ್ಪ. ನೆನಪಾಗ್ತಿಲ್ಲ." ತಾತ ನಾಣ್ಯವನ್ನು ತಟ್ಟೆಗಿಟ್ಟರು. ತಪ್ಪು ಮಾಡಿದ ಮಗುವಿನಂತೆ ಅವಳ ಕಡೆ ನೋಡಿ ನಕ್ಕರು. "ಅವಳು ಹೇಳಿದ್ದೇ ನಿಜ ಇರಬೇಕಮ್ಮ. ಆ ಡಾಕ್ಟರನ್ನ ನೋಡಿಬಿಡ್ತೀನಿ."

ಎದ್ದು ಬಾಗಿಲ ಕಡೆ ಹೋದರು. ಹಿಡಿಯನ್ನು ಎಳೆಯಬೇಕೋ ತಳ್ಳಬೇಕೋ ತಿಳಿಯದೆ ಒಂದು ಗಳಿಗೆ ನಿಂತರು.

"ತಾತ."

ತನ್ನದೇ ದನಿ ಅವಳಿಗೆ ಬೇರೆ ಯಾರದೋ ಎನ್ನುವಷ್ಟು ಗಟ್ಟಿಯಾಗಿ ಕೇಳಿಸಿತು. ಚಿಕ್ಕಪ್ಪ "ಪುಟ್ಟಿ, ಒಳಗೆ ಹೋಗು" ಎಂದ. ಅವಳು ಕದಲಲಿಲ್ಲ.

"ನಿಮಗೆ ಮರೆವಿಲ್ಲ ತಾತ. ಆ ಮುಖ ಕೆತ್ತಿದ್ದು ನಾನು."